ಕೂಸು ಹುಟ್ಟೋಕೆ ಮುಂಚೆ ಕುಲಾವಿ: ಮಾರುತ್ ಯುದ್ಧವಿಮಾನದ ಎಂಜಿನ್ ಮತ್ತು ಗನ್‌ಗಳ ಪ್ರಕರಣ

ಬೆಂಗಳೂರಿನ ಹಳೆ ಮದ್ರಾಸ್ ರಸ್ತೆಯಿಂದ ವಿಮಾನ ಕಾರ್ಖಾನೆ ಎಚ್‌ಎಎಲ್ ಕಡೆ ಹೋಗುವ ದಾರಿಗೆ ಸುರಂಜನ್ ದಾಸ್ ರಸ್ತೆ ಅಂತ ಹೆಸರು. ದಿನಾ ಸಾವಿರಾರು ಜನ ಅಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುತ್ತಾರೆ. ಈ ದಾಸ್ ಯಾರು ಅಂತ ಕೇಳಿದರೆ ಹೇಳುವವರು ಕಡಿಮೆ. ನಾನೇ ಬಹಳ ವರ್ಷ ಚಿತ್ತರಂಜನ್ ದಾಸ್ ಹೆಸರನ್ನು ಯಾರೋ ತಪ್ಪಾಗಿ ಬರೆದಿದ್ದಾರೆ ಅಂದುಕೊಂಡಿದ್ದೆ. ಅವರು ವಾಯುಪಡೆಯ ಟೆಸ್ಟ್ ಪೈಲಟ್, ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್. 1970ರ ಜನವರಿ 10ರಂದು ಎಚ್‌ಎಎಲ್ ರನ್‌ವೇಯಿಂದ ಅಲ್ಲೇ ತಯಾರಾದ ಮಾರುತ್ ಯುದ್ಧವಿಮಾನವೊಂದನ್ನು ಮೇಲೆತ್ತಿದರು. ಟೇಕಾಫ್ ಹೊತ್ತಿನಲ್ಲೇ ಅದು ಬಿತ್ತು. ಅವರು ಉಳಿಯಲಿಲ್ಲ.

ಆ ವಿಮಾನದಲ್ಲಿದ್ದದ್ದು ಮಾಮೂಲಿ ಎಂಜಿನ್‌ಗಳಲ್ಲ. ಬಲ ಹೆಚ್ಚಿಸಿದ ಎಂಜಿನ್‌ಗಳು. ಆ ಬಲ ಯಾಕೆ ಬೇಕಾಗಿತ್ತು, ಹತ್ತು ವರ್ಷ ಹುಡುಕಿದರೂ ಯಾಕೆ ಸಿಗಲಿಲ್ಲ, ಅದು ಇಲ್ಲದೆಯೇ ಯುದ್ಧಕ್ಕೆ ಹೋದ ವಿಮಾನ ಏನು ಮಾಡಿತು ಅನ್ನೋದು ಈ ಪ್ರಕರಣ.

ಹೆಸರುಗಳ ಬಗ್ಗೆ ಒಂದು ಮಾತು. ವಿಮಾನದ ಹೆಸರು ಮುಚ್ಚಿಟ್ಟು ಈ ಕಥೆ ಹೇಳೋಕೆ ಆಗಲ್ಲ. ಆದರೆ ಇದರಲ್ಲಿ ತೀರ್ಮಾನ ತೆಗೆದುಕೊಂಡ ಅಧಿಕಾರಿಗಳು, ಎಂಜಿನಿಯರ್‌ಗಳು, ಯುದ್ಧದಲ್ಲಿ ಹಾರಿಸಿದ ಪೈಲಟ್‌ಗಳ ಹೆಸರು ಬಿಟ್ಟಿದ್ದೇನೆ. ಹೆಸರು ಬಂದ ಕೂಡಲೇ ಚರ್ಚೆ ‘ತಪ್ಪು ಯಾರದು’ ಅನ್ನೋ ಕಡೆ ಹೋಗಿಬಿಡುತ್ತದೆ. ದಾಸ್ ಮತ್ತು ಮುಖ್ಯ ವಿನ್ಯಾಸಕಾರ, ಇವರಿಬ್ಬರ ಹೆಸರು ಮಾತ್ರ ಇಟ್ಟುಕೊಂಡಿದ್ದೇನೆ.

ಹಿನ್ನೆಲೆ

1950ರ ದಶಕದ ನಡುವೆ ಭಾರತೀಯ ವಾಯುಪಡೆ ಹೊಸ ಯುದ್ಧವಿಮಾನವೊಂದಕ್ಕೆ, ಅಂದರೆ ಮುಂದೆ ಮಾರುತ್ ಆದದ್ದಕ್ಕೆ, ಒಂದು ದೊಡ್ಡ ಆಸೆಪಟ್ಟಿ ಬರೆಯಿತು. ಶಬ್ದದ ಎರಡು ಪಟ್ಟು ವೇಗ ಬೇಕು. 60,000 ಅಡಿ ಏರಬೇಕು. 500 ಮೈಲಿ ದೂರ ಹೋಗಿ ಹೊಡೆದು ವಾಪಸ್ ಬರಬೇಕು. ಇಂಥದ್ದನ್ನು ಕಟ್ಟಿದ ಅನುಭವ ಆಗ ದೇಶದಲ್ಲಿ ಯಾರಿಗೂ ಇರಲಿಲ್ಲ. ಹೀಗಾಗಿ 1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಒಂದು ಸಣ್ಣ ತಂಡ ಕಟ್ಟಿಕೊಂಡು ಬೆಂಗಳೂರಿಗೆ ಬಂದರು. ಎರಡನೇ ಮಹಾಯುದ್ಧದ ಹೆಸರಾಂತ ಫೋಕೆ-ವುಲ್ಫ್ 190 ಯುದ್ಧವಿಮಾನ ಅವರದೇ ವಿನ್ಯಾಸ.

ಎಂಜಿನ್ ಬದಲಾಯಿಸುವ ಕೆಲಸ ಟ್ಯಾಂಕ್ ಅವರಿಗೆ ಹೊಸದಾಗಿರಲಿಲ್ಲ ಅನ್ನೋದು ಇಲ್ಲಿ ಮುಖ್ಯ. 190ರ ಮೊದಲ ರೂಪದಲ್ಲಿ ಬಿಎಂಡಬ್ಲ್ಯು ಕಂಪನಿಯ ದುಂಡು ಎಂಜಿನ್ ಇತ್ತು. ಎತ್ತರಕ್ಕೆ ಹೋದಾಗ ಅದು ಸುಸ್ತಾಗುತ್ತಿತ್ತು. ಯುದ್ಧದ ನಡುವೆಯೇ ಅದನ್ನು ತೆಗೆದು ಉದ್ದನೆಯ ಯುಂಕರ್ಸ್ ಯೂಮೋ ಎಂಜಿನ್ ಕೂರಿಸಿದರು. ಮೂತಿ ಉದ್ದವಾಗಿ ತೂಕ ಮುಂದಕ್ಕೆ ವಾಲಿತು. ಸರಿದೂಗಿಸೋಕೆ ಬಾಲದ ಹತ್ತಿರ ಒಡಲನ್ನು ಕತ್ತರಿಸಿ ಅರ್ಧ ಮೀಟರ್ ತುಂಡು ಸೇರಿಸಿದರು. 1944ರಲ್ಲಿ ಆ ವಿಮಾನ ಕಾಳಗಕ್ಕೆ ಇಳಿಯಿತು. ಆದರೆ ಅಲ್ಲಿ ಒಂದು ಅನುಕೂಲ ಇತ್ತು. ಕೂರಿಸಬೇಕಾದ ಎಂಜಿನ್ ಆಗಲೇ ತಯಾರಾಗಿತ್ತು, ಅದೂ ಅವರದೇ ದೇಶದ ಕಾರ್ಖಾನೆಯಲ್ಲಿ.

ಬೆಂಗಳೂರಿನಲ್ಲಿ ಟ್ಯಾಂಕ್ ತಂಡ ವಿನ್ಯಾಸ ಮಾಡಿದ್ದು ಬ್ರಿಟನ್ನಿನ ಓರ್ಫಿಯಸ್ ಬಿಒಆರ್-12 ಎಂಬ ಎಂಜಿನ್ ನಂಬಿಕೊಂಡು. ರೀಹೀಟ್ (ಹೊರಬರುವ ಬಿಸಿಗಾಳಿಯಲ್ಲಿ ಮತ್ತೆ ಇಂಧನ ಉರಿಸಿ ಬಲ ಹೆಚ್ಚಿಸುವ ಏರ್ಪಾಡು) ಹಾಕಿದಾಗ ಒಂದೊಂದೂ 8,170 ಪೌಂಡ್, ಅಂದರೆ ಸುಮಾರು 3,700 ಕೆ.ಜಿ. ನೂಕುಬಲ ಕೊಡಬೇಕಿತ್ತು. ಕೊಡಬೇಕಿತ್ತು ಅಂತ ಬರೆಯೋಕೆ ಕಾರಣ, ಅದು ಇನ್ನೂ ಪೂರ್ತಿ ಆಗಿರಲಿಲ್ಲ. ನಮ್ಮಲ್ಲಿ ಹೇಳ್ತಾರಲ್ಲ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಕುಲಾವಿ ಮಾತ್ರ ಬಹಳ ಚೆನ್ನಾಗಿ ಹೊಲಿದಿದ್ದರು. ಮೊದಲು ಮರದಲ್ಲಿ ಅದೇ ಅಳತೆಯ ಗ್ಲೈಡರ್ ಮಾಡಿ, 1959ರಲ್ಲಿ ಡಕೋಟಾ ವಿಮಾನಕ್ಕೆ ಕಟ್ಟಿ ಎಳೆಸಿ ಮೇಲೆ ಬಿಟ್ಟು ಪರೀಕ್ಷಿಸಿದರು. ರೆಕ್ಕೆಯ ಆಕಾರ, ಹಿಡಿತ, ಇಳಿಯುವ ರೀತಿ ಎಲ್ಲವೂ ಸರಿ ಬಂತು.

ಸಮಸ್ಯೆ

ಅಷ್ಟರಲ್ಲಿ ಬ್ರಿಟನ್ನಿಗೆ ಆ ಎಂಜಿನ್ ಬೇಡವಾಯಿತು. ಅವರ ವಾಯುಪಡೆಗೆ ಅದರಿಂದ ಕೆಲಸವಿಲ್ಲ, ನೇಟೋ ದೇಶಗಳೂ ಕೈಬಿಟ್ಟವು. ಮುಂದುವರಿಸಬೇಕಾದರೆ ಖರ್ಚು ಭಾರತವೇ ಹಾಕಬೇಕು ಅನ್ನೋ ಮಾತು ಬಂತು.

ಈ ಪ್ರಕರಣದ ಮೊದಲ ತಿರುವು ಇದೇ. ಮುಂದೆ ಮೂರು ದಾರಿ ಇತ್ತು. ದುಡ್ಡು ಹಾಕಿ ಎಂಜಿನ್ ಮುಗಿಸಬಹುದು. ಎಂಜಿನ್ ಸಿಗುವ ತನಕ ವಿಮಾನದ ಕೆಲಸ ನಿಲ್ಲಿಸಬಹುದು. ಇಲ್ಲಾಂದ್ರೆ ಕೈಗೆ ಸಿಕ್ಕ ಚಿಕ್ಕ ಎಂಜಿನ್ ಕೂರಿಸಿ ಹಾರಿಸುತ್ತಾ, ದೊಡ್ಡದನ್ನು ಆಮೇಲೆ ಹುಡುಕಬಹುದು. ಸರ್ಕಾರ ದುಡ್ಡು ಕೊಡಲು ಹಿಂದೇಟು ಹಾಕಿತು. ಕೆಲಸ ನಿಲ್ಲಿಸಲು ಯಾರಿಗೂ ಮನಸ್ಸಿರಲಿಲ್ಲ. ಉಳಿದದ್ದು ಮೂರನೆಯದು.

ಕೈಗೆ ಸಿಕ್ಕ ಎಂಜಿನ್ ಓರ್ಫಿಯಸ್ 703. ಇದರ ಅಣ್ಣತಮ್ಮ 701ನ್ನು ನ್ಯಾಟ್ ಎಂಬ ಸಣ್ಣ ಯುದ್ಧವಿಮಾನಕ್ಕಾಗಿ ಬೆಂಗಳೂರಿನಲ್ಲೇ ಲೈಸೆನ್ಸ್ ಮೇಲೆ ತಯಾರಿಸುತ್ತಿದ್ದರು. ನಂಬಿಕಸ್ತ ಎಂಜಿನ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ನೂಕುಬಲ 4,850 ಪೌಂಡ್, ಅಂದರೆ 2,200 ಕೆ.ಜಿ. ಬಯಸಿದ್ದರಲ್ಲಿ ಐದಕ್ಕೆ ಮೂರು ಪಾಲು.

ಸುಮ್ನೆ ಒಂದು ಲೆಕ್ಕ ಹಾಕಿ. ಮಾರುತ್ ಬಾಂಬುಗಳಿಲ್ಲದೆ ಹಾರೋಕೆ ನಿಂತಾಗ ಸುಮಾರು 9,000 ಕೆ.ಜಿ. ಎರಡು 703 ಸೇರಿದರೆ 4,400 ಕೆ.ಜಿ. ಬಲ. ತೂಕದ ಅರ್ಧಕ್ಕೂ ಸ್ವಲ್ಪ ಕಡಿಮೆ. ಬಿಒಆರ್-12 ಬಂದಿದ್ದರೆ ಅದು ಐದಕ್ಕೆ ನಾಲ್ಕು ಪಾಲು ದಾಟುತ್ತಿತ್ತು. ಇದರ ಪರಿಣಾಮ ಬರೀ ವೇಗದ ಮೇಲೆ ಆಗಲ್ಲ. ಏರುವುದು ನಿಧಾನ. ತಿರುವಿನಲ್ಲಿ ಕಳೆದ ವೇಗ ಮತ್ತೆ ಹಿಡಿಯೋದು ನಿಧಾನ. ಬಿಸಿಲಿನ ಮಧ್ಯಾಹ್ನ ಬಾಂಬು ಹೊತ್ತು ಓಡಲು ರನ್‌ವೇ ಜಾಸ್ತಿ ಬೇಕು.

1961ರ ಜೂನ್ 17ರಂದು ಸುರಂಜನ್ ದಾಸ್ ಅವರೇ ಮೊದಲ ಮಾರುತ್ ಅನ್ನು ಬೆಂಗಳೂರಿನಲ್ಲಿ ಹಾರಿಸಿದರು. ಐದು ವರ್ಷದಲ್ಲಿ, ಏನೂ ಇಲ್ಲದ ಕಡೆಯಿಂದ ಹಾರುವ ಜೆಟ್ ಫೈಟರ್ ತನಕ! ಕಡಿಮೆ ಸಾಧನೆ ಅಲ್ಲ. ಆದರೆ ಎರಡು ಪಟ್ಟು ಶಬ್ದವೇಗಕ್ಕೆ ಕಟ್ಟಿದ ಒಡಲು ಮಟ್ಟಸ ಹಾರಾಟದಲ್ಲಿ ಶಬ್ದದ ವೇಗದ ಆಸುಪಾಸಿನಲ್ಲೇ ನಿಂತುಬಿಟ್ಟಿತು.

ಎಂಜಿನ್ ಹುಡುಕಾಟ

ಸೋವಿಯತ್ ಕಡೆಯಿಂದ ಮಿಗ್-19 ಯುದ್ಧವಿಮಾನದ ಎಂಜಿನ್ ಬಳಗದ ಆರ್‌ಡಿ-9ಎಫ್ ತಂದು ನೋಡಿದರು. ಕಾಗದದ ಮೇಲೆ ಬಲ ಸಾಕಷ್ಟಿತ್ತು. ಆದರೆ ಗಾಳಿ ಒಳಗೆ ಬರುವ ದಾರಿಗೂ ಎಂಜಿನ್‌ನ ಕಂಪ್ರೆಸರ್‌ಗೂ (ಗಾಳಿ ಒತ್ತುವ ಭಾಗಕ್ಕೂ) ಹೊಂದಾಣಿಕೆ ಆಗಬೇಕು. ಆಗದಿದ್ದರೆ ಎಂಜಿನ್ ಬಿಕ್ಕಳಿಸುತ್ತದೆ, ಒಮ್ಮೊಮ್ಮೆ ಆರಿಯೇ ಹೋಗುತ್ತದೆ. ಆ ತೊಡಕು ಬಿಡಿಸಲಾಗದೆ ಅದು ಅಲ್ಲಿಗೇ ನಿಂತಿತು.

ಆಮೇಲೆ ಈಜಿಪ್ಟ್. ಇದು ನನಗೆ ಬಹಳ ಇಷ್ಟವಾದ ಅಧ್ಯಾಯ, ಯಾಕೆಂದರೆ ಇಂಥ ಜೋಡಿ ಮತ್ತೆಲ್ಲೂ ಸಿಗಲ್ಲ. ಕೈರೋ ಹತ್ತಿರದ ಹೆಲ್ವಾನ್‌ನಲ್ಲಿ ಆಸ್ಟ್ರಿಯಾದ ಒಬ್ಬ ಎಂಜಿನಿಯರ್ ಇ-300 ಎಂಬ ಎಂಜಿನ್ ಮಾಡುತ್ತಿದ್ದರು. ಅವರ ಹತ್ತಿರ ಎಂಜಿನ್ ಇತ್ತು, ಅದನ್ನು ಗಾಳಿಯಲ್ಲಿ ಪರೀಕ್ಷಿಸಲು ವಿಮಾನ ಬೇಕಿತ್ತು. ನಮ್ಮ ಹತ್ತಿರ ವಿಮಾನ ಇತ್ತು, ಎಂಜಿನ್ ಬೇಕಿತ್ತು. ಒಂದು ಮಾರುತ್ ಈಜಿಪ್ಟಿಗೆ ಹೋಯಿತು. ಒಂದು ಪಕ್ಕದಲ್ಲಿ ಓರ್ಫಿಯಸ್, ಇನ್ನೊಂದು ಪಕ್ಕದಲ್ಲಿ ಇ-300. ಎಡಗಾಲಿಗೊಂದು ಚಪ್ಪಲಿ, ಬಲಗಾಲಿಗೊಂದು ಬೂಟು ಹಾಕಿಕೊಂಡ ಹಾಗೆ. 1967ರ ಮಾರ್ಚ್ 29ರಂದು ಹಾರಿಯೂ ಬಿಟ್ಟಿತು. ಎರಡೂವರೆ ತಿಂಗಳೊಳಗೆ ಇಸ್ರೇಲ್ ಜೊತೆಗಿನ ಆರು ದಿನದ ಯುದ್ಧ ಬಂತು. 1969ರ ಹೊತ್ತಿಗೆ ಈಜಿಪ್ಟ್ ಆ ಯೋಜನೆಯನ್ನೇ ಮುಚ್ಚಿತು. ಬಂದ ದಾರಿಗೆ ಸುಂಕ ಇಲ್ಲ ಅನ್ನೋ ಹಾಗಾಯಿತು ನಮ್ಮ ಕಥೆ.

ಈ ನಡುವೆ ಇನ್ನೊಂದು ಬದಲಾವಣೆ ಆಗಿತ್ತು. 1962ರಲ್ಲೇ ಭಾರತ ಮಿಗ್-21 ಕೊಳ್ಳುವ ತೀರ್ಮಾನ ಮಾಡಿತ್ತು. ವೇಗದ ಕೆಲಸಕ್ಕೆ ವಿಮಾನ ಸಿಕ್ಕಿತು. ಮಾರುತ್‌ಗೆ ಉಳಿದದ್ದು ನೆಲದ ಮೇಲಿನ ಗುರಿ ಹೊಡೆಯುವ ಕೆಲಸ. ನನ್ನ ಅಂದಾಜಿನಲ್ಲಿ ಹೊಸ ಎಂಜಿನ್ ಬೇಕು ಅನ್ನೋ ಒತ್ತಾಯ ಸಡಿಲವಾಗಲು ಇದೇ ದೊಡ್ಡ ಕಾರಣ. ಬೇಕು ಅನ್ನುವವರು ಇದ್ದರು, ಬೇಕೇ ಬೇಕು ಅನ್ನುವವರು ಕಡಿಮೆಯಾದರು.

ಕೊನೆಗೆ ಉಳಿದದ್ದು ಮನೆಮದ್ದು. ಇರುವ ಓರ್ಫಿಯಸ್ 703ಕ್ಕೇ ರೀಹೀಟ್ ಜೋಡಿಸುವುದು. ಜೆಟ್ ಎಂಜಿನ್ ಸಂಶೋಧನೆ ಮಾಡುವ ಬೆಂಗಳೂರಿನ ಸರ್ಕಾರಿ ಸಂಸ್ಥೆ ಜಿಟಿಆರ್‌ಇ ಇದನ್ನು ಕೈಗೆತ್ತಿಕೊಂಡಿತು. ರೀಹೀಟ್ ಅಂದರೆ ಏನು ಅಂತ ಎರಡು ಮಾತಲ್ಲಿ ಹೇಳಿಬಿಡ್ತೇನೆ. ಜೆಟ್ ಎಂಜಿನ್‌ನಿಂದ ಹೊರಬರುವ ಬಿಸಿಗಾಳಿಯಲ್ಲಿ ಇನ್ನೂ ಆಮ್ಲಜನಕ ಉಳಿದಿರುತ್ತದೆ. ಬಾಲದ ಕೊಳವೆಯಲ್ಲಿ ಮತ್ತೊಮ್ಮೆ ಇಂಧನ ಚಿಮುಕಿಸಿ ಉರಿಸಿದರೆ ಗಾಳಿ ಇನ್ನೂ ಜೋರಾಗಿ ನುಗ್ಗುತ್ತದೆ. ಆದರೆ ಉಬ್ಬಿದ ಗಾಳಿ ಹೊರಹೋಗಲು ಬಾಯಿ ಅಗಲವಾಗಬೇಕು, ರೀಹೀಟ್ ಆರಿದಾಗ ಮತ್ತೆ ಕಿರಿದಾಗಬೇಕು. ಒಂದು ಎಂಜಿನ್ ಇದ್ದರೆ ಇದು ತಲೆನೋವು. ಎರಡು ಪಕ್ಕಪಕ್ಕ ಇದ್ದರೆ ಎರಡು ಪಟ್ಟು ತಲೆನೋವು. ಬಾಲ ದಪ್ಪಗಾಗುತ್ತದೆ, ಗಾಳಿಯ ಎಳೆತ ಏರುತ್ತದೆ, ಗಳಿಸಿದ ಬಲದಲ್ಲಿ ಒಂದು ಭಾಗ ಅಲ್ಲೇ ಖರ್ಚು.

ಗಳಿಕೆ ಎಷ್ಟು? ನೂರಕ್ಕೆ 18. ಒಂದು ಎಂಜಿನ್‌ಗೆ 5,720 ಪೌಂಡ್ ಹತ್ತಿರ. ಮೊದಲು ಬಯಸಿದ್ದ 8,170 ಇನ್ನೂ ದೂರವೇ ಇತ್ತು. ಆದರೂ ಬಾಂಬು ಹೊತ್ತು ಮೇಲೇಳುವ ವಿಮಾನಕ್ಕೆ ಆ 18 ಕೂಡ ದೊಡ್ಡದೇ. ಈ ಎಂಜಿನ್‌ಗಳಿದ್ದ ಮಾದರಿಯನ್ನೇ ದಾಸ್ 1970ರ ಜನವರಿಯಲ್ಲಿ ಹಾರಿಸಿದ್ದು. ಎಂಟೂವರೆ ವರ್ಷದ ಹಿಂದೆ ಮೊದಲ ಮಾರುತ್ ಎತ್ತಿದ ಅದೇ ಪೈಲಟ್, ಅದೇ ರನ್‌ವೇ. ಆ ಅಪಘಾತದ ನಂತರ ರೀಹೀಟ್ ಮಾರುತ್ ಸ್ಕ್ವಾಡ್ರನ್‌ಗಳ (ವಾಯುಪಡೆಯ ತುಕಡಿಗಳ) ತನಕ ಬರಲೇ ಇಲ್ಲ.

ಗನ್‌ಗಳು

ಎಂಜಿನ್ ಕಥೆ ಎಲ್ಲರೂ ಹೇಳುತ್ತಾರೆ. ಗನ್ ಕಥೆಗೆ ಅಷ್ಟು ಜಾಗ ಸಿಗಲ್ಲ. ಪಾಠ ಇಲ್ಲೂ ಕಡಿಮೆ ಇಲ್ಲ.

ಎಚ್‌ಎಎಲ್ ಮ್ಯೂಸಿಯಂನಲ್ಲಿ ನಿಂತಿರುವ ಮಾರುತ್ ಮೂತಿಯ ಹತ್ತಿರ ಹೋಗಿ ಬಗ್ಗಿ ನೋಡಿ. ಪೈಲಟ್ ಕೂರುವ ಜಾಗದ ಆಚೆ ಈಚೆ, ಒಂದೊಂದು ಪಕ್ಕಕ್ಕೆ ಎರಡು ಗನ್‌ಗಳ ಜಾಗ. ಒಟ್ಟು ನಾಲ್ಕು 30 ಮಿ.ಮೀ. ಏಡನ್ ಗನ್‌ಗಳು. ಒಂದೊಂದಕ್ಕೆ 120 ಗುಂಡು. ಒಂದು ಗನ್ ಸೆಕೆಂಡಿಗೆ 20ಕ್ಕಿಂತ ಜಾಸ್ತಿ ಗುಂಡು ಉಗುಳುತ್ತದೆ. ನಾಲ್ಕೂ ಸೇರಿದರೆ ಸೆಕೆಂಡಿಗೆ 80ಕ್ಕೂ ಜಾಸ್ತಿ. ಟ್ರಿಗರ್ ಒತ್ತಿ ಹಿಡಿದರೆ ಆರು ಸೆಕೆಂಡಲ್ಲಿ ಎಲ್ಲ ಖಾಲಿ. ಹೊಟ್ಟೆಯೊಳಗೆ ಮಡಚಿ ಕೂರುವ 68 ಮಿ.ಮೀ. ರಾಕೆಟ್‌ಗಳ ಒಂದು ಪೆಟ್ಟಿಗೆ, ಅದರಲ್ಲಿ 50 ರಾಕೆಟ್. ರೆಕ್ಕೆಯಡಿ ನಾಲ್ಕು ಕಡೆ ಒಂದೊಂದು ಸಾವಿರ ಪೌಂಡ್ ಬಾಂಬು. ಕಾಗದದ ಮೇಲೆ ಇದು ಭಾರಿ ಶಸ್ತ್ರ.

ನಾಲ್ಕೂ ಗನ್ ಒಟ್ಟಿಗೆ ಹೊಡೆದಾಗ ಮೂತಿ ತಡೆಯಲಾರದಷ್ಟು ನಡುಗುತ್ತಿತ್ತು. ಯೋಚಿಸಿ ನೋಡಿ, ಪೈಲಟ್ ಕಾಲ ಪಕ್ಕದಲ್ಲೇ ಈ ಸುತ್ತಿಗೆ ಏಟು. ಅದೇ ಮೂತಿಯಲ್ಲಿ ವೈರಿಂಗ್, ಉಪಕರಣಗಳು ಎಲ್ಲ ಇವೆ. ಕೊನೆಗೆ ಬಂದ ತೀರ್ಮಾನ ಸರಳ: ನಾಲ್ಕರಲ್ಲಿ ಎರಡೇ ಬಳಸಿ.

ವಿಚಿತ್ರ ಅಂದರೆ ಇದೇ ನಾಲ್ಕು ಏಡನ್ ಗನ್‌ಗಳು ಬ್ರಿಟನ್ನಿನ ಹಂಟರ್ ಯುದ್ಧವಿಮಾನದಲ್ಲೂ ಇದ್ದವು, ಅದೂ ನಮ್ಮದೇ ವಾಯುಪಡೆಯಲ್ಲಿ. ಹಂಟರ್‌ಗೂ ಶುರುವಿನಲ್ಲಿ ಗನ್ ಕಾಟ ಕೊಟ್ಟಿತ್ತು. ಹೊಡೆದಾಗ ಬರುವ ಹೊಗೆ ನುಂಗಿ ಅದರ ಎಂಜಿನ್ ಬಿಕ್ಕಳಿಸುತ್ತಿತ್ತು. ಆದರೆ ಅಲ್ಲಿ ಮಾದರಿಯ ಮೇಲೆ ಮಾದರಿ ಬಂತು, ಒಂದೊಂದರಲ್ಲೂ ಒಂದಷ್ಟು ಸರಿಪಡಿಸಿದರು. ಜೊತೆಗೆ ಹಂಟರ್‌ನ ನಾಲ್ಕೂ ಗನ್ ಒಂದೇ ಪೆಟ್ಟಿಗೆಯಲ್ಲಿ, ಹೊಟ್ಟೆಯಡಿಯಲ್ಲಿ. ಖಾಲಿಯಾದರೆ ಪೆಟ್ಟಿಗೆ ಇಳಿಸಿ ತುಂಬಿದ ಇನ್ನೊಂದು ಏರಿಸಿದರಾಯಿತು. ಗನ್ ಒಂದೇ, ಕೂರಿಸಿದ ರೀತಿ ಬೇರೆ, ಫಲವೂ ಬೇರೆ.

ಮಾರುತ್ ಮೂತಿಯನ್ನು ಮತ್ತೆ ಬಿಚ್ಚಿ ಗಟ್ಟಿ ಮಾಡುವ ಕೆಲಸಕ್ಕೆ ಯಾಕೆ ಆದ್ಯತೆ ಸಿಗಲಿಲ್ಲ? ಒಂದು ಕಾರಣ ನನಗೆ ಕಾಣುವುದು ಇಷ್ಟು. ಎಲ್ಲರ ಕಣ್ಣೂ ಎಂಜಿನ್ ಮೇಲಿತ್ತು. ಎಂಜಿನ್‌ಗೆ ವಿದೇಶದ ಒಪ್ಪಂದ ಬೇಕು, ದುಡ್ಡು ಬೇಕು, ರಾಜಕೀಯ ಬೇಕು. ಗನ್ ತೊಂದರೆ ನಮ್ಮ ಶೆಡ್ಡಿನೊಳಗೇ ಬಗೆಹರಿಸಬಹುದಾಗಿದ್ದ ಮಾತು. ಬೆಟ್ಟ ನೋಡುತ್ತಾ ನಡೆಯುವವನಿಗೆ ಕಾಲಡಿಯ ಕಲ್ಲು ಕಾಣಲ್ಲ ಅಲ್ವಾ?

ಯುದ್ಧದಲ್ಲಿ

1967ರಲ್ಲಿ 10ನೇ ಸ್ಕ್ವಾಡ್ರನ್, 1969ರಲ್ಲಿ 220ನೇ ಸ್ಕ್ವಾಡ್ರನ್ ಮಾರುತ್ ಪಡೆದವು. 1971ರ ಡಿಸೆಂಬರ್‌ನಲ್ಲಿ ಯುದ್ಧ ಬಂದಾಗ ಎರಡೂ ರಾಜಸ್ಥಾನ ಮತ್ತು ಸಿಂಧ್ ಗಡಿಯಲ್ಲಿ ಇಳಿದವು. ಚಿಕ್ಕ ಎಂಜಿನ್, ಎರಡು ಗನ್. ಎರಡು ವಾರದಲ್ಲಿ 300ಕ್ಕೂ ಜಾಸ್ತಿ ಸಲ ಹಾರಿದವು. ರೈಲು, ಟ್ಯಾಂಕ್, ಸರಕು ಸಾಗಣೆ, ಲೋಂಗೇವಾಲಾದ ಮರಳಿನ ಮೇಲೂ. ಅಲ್ಲಿ ಹೆಚ್ಚಿನ ಕೆಲಸ ಹಂಟರ್‌ಗಳದು, ಅದನ್ನು ಒಪ್ಪಿಕೊಳ್ಳಬೇಕು.

ಗಾಳಿಯ ಕಾಳಗದಲ್ಲಿ ಒಂದು ಮಾರುತ್ ಕೂಡ ಬೀಳಲಿಲ್ಲ. ಭಾರತೀಯ ವಾಯುಪಡೆಯ ಲೆಕ್ಕದಲ್ಲಿ ಒಂದು ಮಾರುತ್ ಪಾಕಿಸ್ತಾನದ ಸೇಬರ್ ಯುದ್ಧವಿಮಾನ ಒಂದನ್ನು ಹೊಡೆದುರುಳಿಸಿತು. ಕಳೆದುಕೊಂಡ ಮಾರುತ್‌ಗಳಲ್ಲಿ ಹೆಚ್ಚಿನವು ನೆಲದಿಂದ ಬಂದ ಗುಂಡಿಗೆ ಸಿಕ್ಕಿದವು.

ಒಂದು ಹಾರಾಟವನ್ನು ಹತ್ತಿರದಿಂದ ನೋಡೋಣ. ಪೈಲಟ್ ಹೆಸರು ಬೇಡ. ಶತ್ರುವಿನ ವಾಹನಗಳ ಸಾಲಿನ ಮೇಲೆ ಬಹಳ ಕೆಳಗೆ ಹಾರಿ ಗನ್ ಹೊಡೆದರು. ಗುರಿ ಸಿಡಿಯಿತು. ಸಿಡಿದ ಚೂರು ಮೇಲೆ ಹಾರಿ ಅವರದೇ ವಿಮಾನದ ಹಿಂಭಾಗಕ್ಕೆ ಬಡಿಯಿತು. ಎಂಜಿನ್ ಎಚ್ಚರಿಕೆ ದೀಪ ಹತ್ತಿತು. ಒಂದು ಎಂಜಿನ್ ಹೋಯಿತು. ಇಳಿಯಬಹುದಾದ ನೆಲೆ ಇನ್ನೂ ದೂರ. ಉಳಿದ ಒಂದೇ ಓರ್ಫಿಯಸ್ ಮೇಲೆ ಅಷ್ಟೂ ದೂರ ಬಂದು ಇಳಿದರು. ಈ ಯುದ್ಧದಲ್ಲಿ ಒಂದೇ ಎಂಜಿನ್ ಮೇಲೆ ಮನೆ ಸೇರಿದ ಮಾರುತ್ ಇದೊಂದೇ ಅಲ್ಲ. ಹೈಡ್ರಾಲಿಕ್ಸ್ ಕೈಕೊಟ್ಟರೂ ಕೈಬಲದಿಂದಲೇ ವಿಮಾನ ತಿರುಗಿಸುವ ಏರ್ಪಾಡು ಬೇರೆ ಇತ್ತು.

ಬಲ ಸಾಲದ ಎಂಜಿನ್ ಅಂತ ಹತ್ತು ವರ್ಷ ಬೈಸಿಕೊಂಡದ್ದು ಇದೇ ಓರ್ಫಿಯಸ್.

ಈ ಪ್ರಕರಣ ಓದುವ ಬಗೆ

ಮಾರುತ್ ಒಟ್ಟು 147 ತಯಾರಾದವು, ಅದರಲ್ಲಿ 18 ಎರಡು ಸೀಟಿನವು. ಇದನ್ನು ಸೋಲು ಅನ್ನುವವರಿದ್ದಾರೆ, ಮೋಸಹೋದ ಪ್ರತಿಭೆ ಅನ್ನುವವರೂ ಇದ್ದಾರೆ. ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ಮೊದಲ ತಿರುವಿಗೆ ವಾಪಸ್ ಹೋಗಿ ನೋಡಿದರೆ, ಚಿಕ್ಕ ಎಂಜಿನ್ ಹಾಕಿ ಹಾರಿಸಿದ್ದು ತಪ್ಪು ಅನ್ನಿಸಲ್ಲ. ಆ ತೀರ್ಮಾನ ಇಲ್ಲದಿದ್ದರೆ 1971ರಲ್ಲಿ ಮಾರುತ್ ಅನ್ನೋದೇ ಇರುತ್ತಿರಲಿಲ್ಲ. ತಪ್ಪಿದ್ದು ಅದರ ಜೊತೆಗೆ ಬರಬೇಕಿದ್ದ ಎರಡನೇ ತೀರ್ಮಾನ. ‘ಸದ್ಯಕ್ಕೆ ಇದು’ ಅಂದಾಗ ‘ಯಾವತ್ತಿನ ತನಕ, ಆಮೇಲೆ ಯಾವುದು, ದುಡ್ಡು ಎಲ್ಲಿಂದ’ ಅಂತಲೂ ಅವತ್ತೇ ಬರೆದಿಡಬೇಕಿತ್ತು. ಬರೆದಿಡಲಿಲ್ಲ. ಹಾಗಾಗಿ ಪ್ರತಿ ಹುಡುಕಾಟವೂ ಇನ್ನೊಬ್ಬರ ಬಾಗಿಲಲ್ಲಿ ಮುಗಿಯಿತು. ಒಮ್ಮೆ ಲಂಡನ್, ಒಮ್ಮೆ ಮಾಸ್ಕೋ, ಒಮ್ಮೆ ಕೈರೋ. ನಮ್ಮ ಕೈಯಲ್ಲೇ ಇದ್ದ ಎರಡು ಕೆಲಸ, ಒಂದು ರೀಹೀಟ್, ಇನ್ನೊಂದು ಗನ್. ರೀಹೀಟ್ ಮೇಲೆ ಕೆಲಸ ಗಂಭೀರವಾಗಿ ನಡೆಯುವ ಹೊತ್ತಿಗೆ ವಿಮಾನದ ಪಾತ್ರವೇ ಬದಲಾಗಿತ್ತು. ಗನ್ ವಿಷಯ ಎರಡಕ್ಕೇ ನಿಂತಿತು.

ಕೆಲಸದ ಪಾತ್ರ ಬದಲಾದಾಗ ಅಪ್‌ಗ್ರೇಡ್ ಪಟ್ಟಿಯನ್ನೂ ಬದಲಾಯಿಸಬೇಕು ಅನ್ನೋದು ನನಗೆ ಇಲ್ಲಿ ಕಂಡ ಇನ್ನೊಂದು ವಿಷಯ. ನೆಲದ ಗುರಿ ಹೊಡೆಯುವ ವಿಮಾನಕ್ಕೆ ಶಬ್ದದ ಎರಡು ಪಟ್ಟು ವೇಗ ಬೇಕಿಲ್ಲ. ನಾಲ್ಕೂ ಗನ್ ನೆಟ್ಟಗೆ ಹೊಡೆಯಬೇಕು, ಭಾರ ಹೊತ್ತು ಏಳಬೇಕು, ಏಟು ತಿಂದರೂ ಮನೆ ಸೇರಬೇಕು. ಮೂರನೆಯದು ಮಾರುತ್‌ಗೆ ಹುಟ್ಟಿನಿಂದಲೇ ಇತ್ತು. ಮೊದಲ ಎರಡರ ಮೇಲೆ ಇನ್ನಷ್ಟು ಕೂರಬಹುದಿತ್ತು.

1980ರ ದಶಕದಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಫೈಟರ್ ಶುರುವಾಯಿತು. ಅದಕ್ಕೆ ನಮ್ಮದೇ ಎಂಜಿನ್ ಬೇಕು ಅಂತ, ಓರ್ಫಿಯಸ್‌ಗೆ ರೀಹೀಟ್ ಕಟ್ಟಿದ ಅದೇ ಜಿಟಿಆರ್‌ಇ, ಕಾವೇರಿ ಎಂಬ ಎಂಜಿನ್ ಕೆಲಸ ಹಿಡಿಯಿತು. ಈ ಸಲ ಕೂಸಿಗಾಗಿ ಕುಲಾವಿ ಕಾಯಲಿಲ್ಲ. 2001ರ ಜನವರಿ 4ರಂದು, ದಾಸ್ ಮೊದಲ ಮಾರುತ್ ಎತ್ತಿದ ಅದೇ ರನ್‌ವೇಯಿಂದ, ಮುಂದೆ ತೇಜಸ್ ಅಂತ ಹೆಸರಾದ ಆ ವಿಮಾನ ಮೊದಲ ಸಲ ಮೇಲೇರಿತು. ಹೊಟ್ಟೆಯಲ್ಲಿ ಇದ್ದದ್ದು ಅಮೆರಿಕದ ಎಫ್404. ಕಾವೇರಿ ಇನ್ನೂ ಪರೀಕ್ಷೆಯಲ್ಲೇ ಇತ್ತು.